ಗೇಸ್ಕೆಯ ಗಿರಣಿಗೆ ಬೇಕಾದದ್ದು ಗಾಳಿ

ಟೆರ್‌ಹಮ್ ಊರಿನ ಗಾಳಿಗಿರಣಿಯ ನೈಋತ್ಯಕ್ಕೆ ಐದು ಮಹಡಿಯ ವಸತಿ ಕಟ್ಟಡ ಎದ್ದಿದೆ. ಈ ಊರಿಗೆ ಗಾಳಿ ಬರುವುದು ಹೆಚ್ಚಾಗಿ ಆ ದಿಕ್ಕಿನಿಂದಲೇ. ಅನುಮತಿ ಕೊಟ್ಟ ಪುರಸಭೆ ಗಿರಣಿಯಲ್ಲಿ ದುಡಿಯುವವರನ್ನು ಕೇಳಲಿಲ್ಲ. ಕಟ್ಟಡಕ್ಕೆ ‘ಗಿರಣಿ ನೋಟ’ ಎಂದು ಹೆಸರಿಟ್ಟಿದ್ದಾರೆ.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗಿರಣಿಯ ಸೊಂಟದ ಸುತ್ತ ಕಟ್ಟಿದ ಮರದ ಜಗುಲಿಯ ಮೇಲೆ ಗೇಸ್ಕೆ ತಮ್ಮಿಂಗಾ ನಿಂತಿದ್ದಾರೆ. ಮೊದಲು ಎಡಗೆನ್ನೆ, ಆಮೇಲೆ ಬಲಗೆನ್ನೆಯನ್ನು ಆಕಾಶಕ್ಕೆ ಒಡ್ಡುತ್ತಾರೆ. ಗಾಳಿ ಎಲ್ಲಿದೆ ಎಂದು ಹುಡುಕುವುದು ಹೀಗೆ. ಸಿಕ್ಕಿತು ಅನ್ನಿಸಿದ ಕೂಡಲೇ ದೊಡ್ಡ ರಾಟೆಯ ಕಡ್ಡಿಗಳ ಮೇಲೆ ಕಾಲಿಟ್ಟು, ಮೈಭಾರವನ್ನೆಲ್ಲ ಹಾಕಿ, ರೆಕ್ಕೆ ಹೊತ್ತ ಗಿರಣಿಯ ತಲೆಯನ್ನು ಆ ಕಡೆಗೆ ತಿರುಗಿಸುತ್ತಾರೆ. ಓಡಿ ಹೋಗಿ ರೆಕ್ಕೆಯ ಹಾಯಿಬಟ್ಟೆ ಬಿಚ್ಚುತ್ತಾರೆ. ಬಟ್ಟೆ ಒಮ್ಮೆ ಉಬ್ಬಿ, ನಡುಗಿ, ಜೋತು ಬೀಳುತ್ತದೆ.

“ಬಂತು ಅಂದ್ಕೊಂಡೆ. ಹೋಯ್ತು. ಆ ಕಟ್ಟಡಕ್ಕೆ ಬಡಿದು ಚೂರುಚೂರಾಗಿ ಬರುತ್ತೆ ನೋಡಿ. ಮುಂದಿಂದ ಒಂದು ತಳ್ಳು, ಹಿಂದಿಂದ ಒಂದು ಗುದ್ದು. ಕುಡಿದವನ ಜತೆ ಕುಣಿದ ಹಾಗೆ ಆಗಿದೆ ನಮ್ಮ ಕೆಲಸ.”

ಮತ್ತೆ ಬಟ್ಟೆ ಸುತ್ತುತ್ತಾರೆ. ಮತ್ತೆ ರಾಟೆ. ಕೆಳಗೆ ಅವರ ಕಾಫಿ ಆರಿ ತಣ್ಣಗಾಗಿದೆ. ಯಾವ ದಿನವೂ ಅವರು ಬಿಸಿ ಕಾಫಿ ಕುಡಿದದ್ದನ್ನು ಕಂಡವರಿಲ್ಲ. ಇಂದು ಮೇ ತಿಂಗಳ ಗಿರಣಿ ಹಬ್ಬ. ದೇಶದ ಗಿರಣಿಗಳೆಲ್ಲ ಬಾಗಿಲು ತೆರೆದು ರೆಕ್ಕೆ ತಿರುಗಿಸುವ ದಿನ. ಎಷ್ಟೋ ಚಳಿಗಾಲಗಳ ದುಡಿಮೆ ಮುಗಿದು, ಟೆರ್‌ಹಮ್ ಗಿರಣಿ ಜನರಿಗೆ ತೆರೆದುಕೊಳ್ಳಬೇಕಾದ ದಿನವೂ ಇದೇ.

ಗೇಸ್ಕೆ ಹುಟ್ಟಿದ್ದು ಹುಲ್ಲಿನಿಂದ ರಟ್ಟು ಮಾಡುವ ಕಾರ್ಖಾನೆಯ ಸಾಲುಮನೆಯಲ್ಲಿ. ತಾಯಿ ಅಲ್ಲಿ ರಟ್ಟು ಒಣಗಿಸುತ್ತಿದ್ದರು, ಮುಷ್ಕರ ಬಂದಾಗ ಗೇಟಿಗೆ ಅಡ್ಡ ನಿಲ್ಲುತ್ತಿದ್ದರು. ಮಗಳೂ ಅದೇ ಕಾರ್ಖಾನೆ ಸೇರಿದರು. ಅದು ಮುಚ್ಚಿದ ಮೇಲೆ ಶಾಲೆಗಳ ನೆಲ ಒರೆಸಿದರು, ಮುದುಕರ ಮನೆಗಳಲ್ಲಿ ಹಾಸಿಗೆ ಬದಲಿಸಿದರು. ಈ ನಡುವೆಯೇ ಒಂದು ದಿನ, ಹುಲ್ಲುಹೊದಿಕೆ ಕೊಳೆತು ಬೀಳುತ್ತಿದ್ದ ಗಿರಣಿಯ ಬಾಗಿಲನ್ನು ಹೆಗಲಿನಿಂದ ನೂಕಿ ಒಳಗೆ ಹೋದರು.

“ಒಳಗೆ ಮೊಣಕಾಲು ತನಕ ಪಾರಿವಾಳದ ಹಿಕ್ಕೆ. ಬಕೆಟ್ಟಲ್ಲಿ ತುಂಬಿ ತುಂಬಿ ಹೊತ್ತು ಹಾಕಿದ್ವಿ. ನನ್ನ ಗಂಡ ಮನೆ ಬಾಗಿಲಲ್ಲೇ ನಿಲ್ಸಿ, ಬಟ್ಟೆ ಬಿಚ್ಚಿ ಒಳಗೆ ಬಾ ಅಂತಿದ್ದ. ಮದುವೆಯಾದ ಹೊಸದರಲ್ಲೂ ಅಷ್ಟು ಆಸೆಯಿಂದ ಕೇಳಿರಲಿಲ್ಲ ಪುಣ್ಯಾತ್ಮ.”

ಜತೆಗೆ ಬಂದವರು ಒಂದು ಹಿಡಿ ಜನ. ಅವರಲ್ಲಿ ಇಂದಿಗೂ ಬಿಡದೆ ಬರುವವರು ರೈಂಟ್. ಆಲೂಗಡ್ಡೆ ಲಾರಿ ಓಡಿಸಿ ನಿವೃತ್ತರಾದ, ಭುಜ ಅಗಲದ, ಮಾತು ಕಡಿಮೆಯ ಮನುಷ್ಯ. ದೊಡ್ಡ ಚಕ್ರಕ್ಕೆ ಹಲ್ಲು ಕೆತ್ತಿದ್ದು, ಬೀಸುಕಲ್ಲಿಗೆ ಮುಳ್ಳು ಹೊಡೆದದ್ದು, ಹೊದಿಕೆಗೆ ಜೊಂಡು ಹೊತ್ತದ್ದು ಇವರೆಲ್ಲ ಸೇರಿ. ಪುಕ್ಕಟೆ ದುಡಿಯುವವರಿಗೆ ಸರ್ಕಾರದ ಭಾಷೆಯಲ್ಲಿ ಸ್ವಯಂಸೇವಕರು ಎಂದು ಹೆಸರು. ಪುಕ್ಕಟೆ ಗಾಳಿಯನ್ನು ಕಿತ್ತುಕೊಂಡು ಮಾರುವುದಕ್ಕೆ ಅದೇ ಭಾಷೆಯಲ್ಲಿ ಅಭಿವೃದ್ಧಿ ಎಂದು ಹೆಸರು. ಕಟ್ಟಡದ ಪಾಯ ತೆಗೆಯುವಾಗಲೇ ಇವರು ಆಕ್ಷೇಪಣೆ ಸಲ್ಲಿಸಿದ್ದರು. ಗಿರಣಿ ಈಗ ಉದ್ಯಮವಲ್ಲ, ನೋಟ. ನೋಟಕ್ಕೆ ಗಾಳಿಯ ಹಕ್ಕಿಲ್ಲ ಎಂದು ಪುರಸಭೆಯಿಂದ ಉತ್ತರ ಬಂತು.

“ಮೊದಲು ನೆಲದ ಅಡಿಯ ಅನಿಲ ತಗೊಂಡ್ರು. ನೆಲ ನಡುಗಿ ಮನೆಗಳೆಲ್ಲ ಬಿರುಕು ಬಿಟ್ವು,” ಎನ್ನುತ್ತಾರೆ ಗೇಸ್ಕೆ, ಜಗುಲಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುತ್ತಲೇ. “ಈಗ ನೆಲದ ಮೇಲಿನ ಗಾಳಿ ತಗೊಂಡ್ರು. ಇನ್ನು ಉಳಿದಿರೋದು ಮಳೆ. ಅದನ್ನ ಯಾರೂ ಕೇಳ್ತಾ ಇಲ್ಲ, ಬೇಕಾದಷ್ಟಿದೆ.”

ಕಟ್ಟಡದ ಕೊನೆಯ ಮಹಡಿಗೆ ಚಾವಣಿ ಹಾಕಿದ ದಿನ ಗೇಸ್ಕೆ ಒಂದು ಕೆಲಸ ಮಾಡಿದರು. ಈ ನಾಡಿನಲ್ಲಿ ನಿಂತ ರೆಕ್ಕೆಯೂ ಮಾತಾಡುತ್ತದೆ. ನೆತ್ತಿಗೇರುವ ರೆಕ್ಕೆಯನ್ನು ತುಸು ಮೊದಲೇ ತಡೆದು ನಿಲ್ಲಿಸಿದರೆ ಊರಿನಲ್ಲಿ ಮಗು ಹುಟ್ಟಿದೆ, ಮದುವೆಯಿದೆ, ಸಂತೋಷವಿದೆ. ನೆತ್ತಿಯನ್ನು ತುಸು ದಾಟಿಸಿ ನಿಲ್ಲಿಸಿದರೆ ಯಾರೋ ತೀರಿಕೊಂಡಿದ್ದಾರೆ. ಗೇಸ್ಕೆ ದಾಟಿಸಿ ನಿಲ್ಲಿಸಿದರು. ಯಾರಿಗೂ ಹೇಳಲಿಲ್ಲ.

ಊರು ಎದ್ದು ನೋಡಿತು. ಸತ್ತವರು ಯಾರು ಎಂದು ಕೇಳುವ ಅಗತ್ಯ ಯಾರಿಗೂ ಕಾಣಲಿಲ್ಲ, ಯಾಕೆಂದರೆ ಊರಿಗೆಲ್ಲ ಹಿರಿಯರಾದ ಫ್ರೌಕೆ ಅಜ್ಜಿ ಆ ವಾರ ಕೆಮ್ಮುತ್ತಿದ್ದರು. ಬೇಕರಿಯ ಹಾರ್ಮ್ ಕಪ್ಪು ಕೋಟು ಹಾಕಿಕೊಂಡು, ಜೇನು ಕೇಕು ಹಿಡಿದು ಅವರ ಮನೆ ಬಾಗಿಲು ತಟ್ಟಿದ. ಬಾಗಿಲು ತೆರೆದವರು ಫ್ರೌಕೆ ಅಜ್ಜಿಯೇ.

“ಯಾರು ಸತ್ತದ್ದೋ?”

“ಅದು... ನೀವು, ಅಜ್ಜಿ.”

“ನಂಗ್ಯಾರೂ ಹೇಳ್ಲಿಲ್ವಲ್ಲ. ಕೇಕಲ್ಲಿ ಶುಂಠಿ ಹಾಕಿದೀಯಾ?”

ಆ ಕೇಕನ್ನು ತಿನ್ನುತ್ತಲೇ ಅಜ್ಜಿ ಗಿರಣಿಯ ತನಕ ನಡೆದು ಬಂದು, ಕೆಳಗಿನಿಂದ ಕೂಗಿದರಂತೆ: “ಗೇಸ್ಕೆ, ಯಾರೇ ಹೋದದ್ದು?” ಮೇಲಿನಿಂದ ಉತ್ತರ ಬಂತು: “ಗಾಳಿ, ಅಜ್ಜಿ.” ಅಜ್ಜಿ ಕಟ್ಟಡದ ಕಡೆ ನೋಡಿದರು. “ಹಾಗಾದ್ರೆ ರೆಕ್ಕೆ ಸರಿಸ್ಬೇಡ,” ಅಂದರು. ಸಂಜೆಯೊಳಗೆ ಗಿರಣಿ ನಡೆಸುವ ಪ್ರತಿಷ್ಠಾನದ ಅಧ್ಯಕ್ಷ ಎಲ್ಡರಿಂಕ್ ಓಡಿ ಬಂದು ರೆಕ್ಕೆ ಸರಿಸಿದರು. ಸಾವಿನ ಗುರುತಿರುವ ಗಿರಣಿಯ ಎದುರು ಮನೆ ಯಾರು ಕೊಳ್ಳುತ್ತಾರೆ ಎಂಬುದು ಅವರ ಪ್ರಶ್ನೆ.

ಮನೆಗಳು ಮಾರಾಟವಾದವು. ಬಿಸಿಲುಮಚ್ಚಿನಲ್ಲಿ ಕುರ್ಚಿ ಹಾಕಿ ಕೂತವರಿಗೆ ಒಂದು ಕೊರತೆ ಕಂಡಿತು: ಗಿರಣಿ ತಿರುಗುತ್ತಿಲ್ಲ. ತಿರುಗುವ ಗಿರಣಿಯ ಚಿತ್ರ ತೋರಿಸಿ ನಮಗೆ ಮನೆ ಮಾರಿದ್ದಾರೆ ಎಂದು ದೂರು ಕೊಟ್ಟರು. ತಾವೇ ಗಾಳಿಗೆ ಅಡ್ಡ ಕೂತಿದ್ದೇವೆ ಎಂದು ಅವರಿಗೆ ಹೊಳೆಯಲಿಲ್ಲ. ಹೊಳೆಯಬೇಕಿದ್ದ ಪ್ರತಿಷ್ಠಾನ ಅದಕ್ಕೆ ಮೋಟಾರಿನ ಪರಿಹಾರ ಕಂಡುಹಿಡಿಯಿತು. ಈಗ ಗಿರಣಿಯ ಹೊಟ್ಟೆಯಲ್ಲಿ ವಿದ್ಯುತ್ ಮೋಟಾರು ಕೂತಿದೆ. ಬಾಗಿಲ ಪಕ್ಕ ಹಸಿರು ಗುಂಡಿಯ ಪೆಟ್ಟಿಗೆ. ಬೀಸುಕಲ್ಲಿಗೆ ಅದರ ಸಂಬಂಧವಿಲ್ಲ, ಹಿಟ್ಟು ಬರುವುದಿಲ್ಲ. ರೆಕ್ಕೆ ಮಾತ್ರ ತಿರುಗುತ್ತದೆ.

ಈ ಗುಂಡಿಯ ವಿಷಯಕ್ಕೆ ಗೇಸ್ಕೆಗೂ ರೈಂಟ್‌ಗೂ ಚಳಿಗಾಲವಿಡೀ ಜಗಳ. ಇಂದು ಬೆಳಿಗ್ಗೆಯೂ ನಡೆಯುತ್ತಿದೆ.

“ತಿರುಗೋದು ಮುಖ್ಯ ಕಣೇ,” ಎನ್ನುತ್ತಾರೆ ರೈಂಟ್, ಬ್ರೇಕಿನ ಹಗ್ಗಕ್ಕೆ ಎಣ್ಣೆ ಸವರುತ್ತಾ. “ತಿರುಗದೇ ಇದ್ರೆ ಜನ ಬರಲ್ಲ. ಜನ ಬರದಿದ್ರೆ ಬೀಗ ಹಾಕ್ತಾರೆ. ಮತ್ತೆ ಪಾರಿವಾಳ.”

“ಫ್ರೌಕೆ ಅಜ್ಜಿ ಸತ್ತಾಗ ಅವಳ ಕೈಗೆ ದಾರ ಕಟ್ಟಿ ಎಲ್ಲರಿಗೂ ಟಾಟಾ ಮಾಡಿಸ್ತೀಯಾ?”

“ನಿನ್ನ ಹಟದಿಂದ ಗಿರಣಿ ಕೀಲಿ ನಮ್ಮ ಕೈಯಿಂದ ಹೋಗುತ್ತೆ.”

“ಹೋಗ್ಲಿ. ಲಾರಿ ಓಡಿಸೋನಿಗೆ ಇಂಜಿನ್ನೇ ದೇವರು.”

ರೈಂಟ್ ಮುಖ ತಿರುಗಿಸಿ ಎಣ್ಣೆಡಬ್ಬಿ ಎತ್ತಿಕೊಂಡು ಒಳಗೆ ಹೋಗುತ್ತಾರೆ. ಗೇಸ್ಕೆ ಮತ್ತೆ ಕೆನ್ನೆ ಒಡ್ಡುತ್ತಾರೆ. ಅವರಿಗೂ ಭಯವಿದೆ. “ಅವನು ಹೇಳೋದು ಸುಳ್ಳಲ್ಲ,” ಎಂದು ದನಿ ತಗ್ಗಿಸುತ್ತಾರೆ. “ಈ ಕೀಲಿ ಹೋದ್ರೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ಲಿ? ನಂಗೆ ದೊಡ್ಡ ಆಸೆ ಏನಿಲ್ಲ. ಒಂದು ದಿನ ಬೆಳಿಗ್ಗೆ ಹಾಯಿಬಟ್ಟೆ ಬಿಚ್ಚಿದ್ರೆ ಸಂಜೆ ತನಕ ನಿಲ್ಲದೆ ರೈ ಧಾನ್ಯ ಬೀಸಬೇಕು. ಹಿಟ್ಟು ಕೈಗೆ ಬಿಸಿ ತಾಗಬೇಕು. ಅಷ್ಟೇ.”

ಬಿಸಿಲೇರುವ ಹೊತ್ತಿಗೆ ಜನ ಸೇರಿದ್ದಾರೆ. ಸೈಕಲ್ಲುಗಳು ಬೇಲಿಗೆ ಒರಗಿವೆ, ಹಾರ್ಮ್ ಸಾಸಿವೆ ಸೂಪು ಹಂಚುತ್ತಿದ್ದಾನೆ. ಕಟ್ಟಡದ ಬಿಸಿಲುಮಚ್ಚುಗಳಲ್ಲಿ ಫೋನು ಹಿಡಿದ ಕೈಗಳು ಸಾಲಾಗಿ ನಿಂತಿವೆ. ಪುರಸಭೆಯ ಸದಸ್ಯೆ ಕತ್ತರಿ ಹಿಡಿದು ಕಾಯುತ್ತಿದ್ದಾರೆ. ಎಲೆಯೊಂದೂ ಅಲುಗುತ್ತಿಲ್ಲ.

“ಗೇಸ್ಕೆ, ಶುರು ಮಾಡಿ,” ಎನ್ನುತ್ತಾರೆ ಎಲ್ಡರಿಂಕ್, ನಗುಮುಖ ಕೆಡಿಸಿಕೊಳ್ಳದೆ.

ಗೇಸ್ಕೆ ಮೆಟ್ಟಿಲಿಳಿದು ಬಂದು ಜನರ ಕಡೆ ತಿರುಗುತ್ತಾರೆ. “ಇವತ್ತು ಇಲ್ಲಿ ಗಾಳಿ ಇಲ್ಲ. ಎಲ್ಲಿ ನಿಂತಿದೆ ಅಂತ ಮೇಲೆ ಜಗುಲಿಗೆ ಬಂದ್ರೆ ತೋರಿಸ್ತೀನಿ. ಕಲ್ಲು ಮುಟ್ಟಿ ನೋಡಿ, ಹಲ್ಲು ಮುಟ್ಟಿ ನೋಡಿ. ರೆಕ್ಕೆ ತಿರುಗೋದು ಗಾಳಿ ಬಂದಾಗ.”

“ಗುಂಡಿ ಒತ್ತಿ,” ಎನ್ನುತ್ತಾರೆ ಎಲ್ಡರಿಂಕ್, ಈಗ ಹಲ್ಲು ಕಚ್ಚಿ.

“ಒತ್ತಲ್ಲ.”

“ಹಾಗಾದ್ರೆ ನಾಳೆಯಿಂದ ಕೀಲಿ ನಿಮ್ಮ ಹತ್ರ ಇರಲ್ಲ.”

ಗೇಸ್ಕೆಯ ಕೈ ಕೀಲಿಯಿರುವ ಜೇಬಿಗೆ ಹೋಗುತ್ತದೆ, ಅಲ್ಲೇ ನಿಲ್ಲುತ್ತದೆ. ಅಧ್ಯಕ್ಷರು ಅವರನ್ನು ದಾಟಿ, ಬಾಗಿಲಲ್ಲಿ ನಿಂತ ರೈಂಟ್ ಕಡೆ ನೋಡುತ್ತಾರೆ. “ರೈಂಟ್, ನೀವು ತಿಳಿದವರು. ಬ್ರೇಕು ಬಿಡಿ, ಗುಂಡಿ ಒತ್ತಿ. ಕೀಲಿ ನೀವೇ ಇಟ್ಕೊಳ್ಳಿ.”

ರೈಂಟ್ ಪೆಟ್ಟಿಗೆಯ ಹತ್ತಿರ ಹೋಗುತ್ತಾರೆ. ಹಸಿರು ಗುಂಡಿಯನ್ನು ನೋಡುತ್ತಾರೆ. ಆಮೇಲೆ ತಿರುಗಿ, ತಮ್ಮ ಅಗಲ ಬೆನ್ನನ್ನು ಅದಕ್ಕೆ ಒರಗಿಸಿ, ಎರಡೂ ಕೈಗಳನ್ನು ಜೇಬಿಗೆ ಇಳಿಸಿ ನಿಂತುಬಿಡುತ್ತಾರೆ.

“ಆಗಲ್ಲ ಅಧ್ಯಕ್ಷರೇ,” ಎನ್ನುತ್ತಾರೆ. “ಗಾಳಿ ಇಲ್ಲ ಅಂತ ಅವಳು ಹೇಳಿದ್ಲಲ್ಲ.”