ತಲೆ ಎತ್ತದ ತರಗತಿ

ಟೈಪ್ ಮೇಡಂಗೆ ಆ ಹೆಸರಿಟ್ಟವರು ಯಾರೋ, ಅವರಿಗೇ ಗೊತ್ತಿಲ್ಲ. ಸ್ಟೇಷನ್ ರಸ್ತೆಯಲ್ಲಿ, ಅಂಗಡಿಗಳ ಮೇಲಿನ ಮಹಡಿಯಲ್ಲಿ ಒಂದು ಟೈಪಿಂಗ್ ಶಾಲೆ ಇತ್ತು. ಮದುವೆಯಾದ ಹೊಸತರಲ್ಲಿ ಅಲ್ಲಿ ಕಲಿಯಲು ಸೇರಿದವರು ಕಲಿಸುವವರಾಗಿ ಅಲ್ಲೇ ಉಳಿದುಬಿಟ್ಟರು. ಊರಿನ ಅರ್ಧದಷ್ಟು ಗುಮಾಸ್ತರ ಬೆರಳು ಪಳಗಿದ್ದು ಅವರ ಕೈಕೆಳಗೆ. ಹೆಚ್ಚಿಗೆ ಹೇಳುತ್ತಿದ್ದೇನೆ ಅನ್ನುವವರು ಬ್ಯಾಂಕಿಗೋ ಕೋರ್ಟಿಗೋ ಹೋಗಿ, ಆ ಹೆಸರನ್ನು ಒಮ್ಮೆ ಎತ್ತಿ ನೋಡಲಿ. ತಲೆ ನರೆತ ಗಂಡಸರು ಕೂಡ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ.

ಅವರ ಪಾಠದ ರೀತಿ ಒಂದೇ. ಕಣ್ಣು ಎಡಗಡೆಯ ಹಾಳೆಯ ಮೇಲೆ, ಬೆರಳು ಕೀಗಳ ಮೇಲೆ. ಕೀ ನೋಡುವ ಹಾಗಿಲ್ಲ; ಮೂಡುತ್ತಿರುವ ಸಾಲನ್ನಂತೂ ನೋಡಲೇ ಕೂಡದು. ನೋಡಿದರೆ ವೇಗ ಹೋಯಿತು, ವೇಗ ಹೋದರೆ ಕೆಲಸ ಹೋಯಿತು. ಪುಟ ಮುಗಿದ ಮೇಲೆ ಹಾಳೆ ಎಳೆದು ಕೊಡಬೇಕು. ಒಂದೇ ಒಂದು ತಪ್ಪು ಕಂಡರೂ ಮೇಡಂ ಅದನ್ನು ಪರ್ರನೆ ಹರಿದು ಬುಟ್ಟಿಗೆ ಹಾಕಿ, "ಮತ್ತೆ" ಅನ್ನುತ್ತಿದ್ದರು. ಬೈಗುಳ ಇಲ್ಲ, ಸಮಾಧಾನವೂ ಇಲ್ಲ.

ಆಮೇಲೆ ಕಂಪ್ಯೂಟರು ಬಂತು, ಟೈಪಿಂಗ್ ಶಾಲೆಗೆ ಬರುವವರು ನಿಂತರು. ಮಾಲೀಕ ಒಂದು ಬೆಳಿಗ್ಗೆ ಗುಜರಿಯವನನ್ನು ಕರೆಸಿದ. ಯಂತ್ರಗಳು ಒಂದೊಂದಾಗಿ ಮೆಟ್ಟಿಲಿಳಿದು ತಕ್ಕಡಿ ಏರಿದವು. ಮೇಡಂ ಮೆಟ್ಟಿಲ ತಿರುವಿನಲ್ಲಿ ನಿಂತು ಕೊನೆಯದು ಹೋಗುವವರೆಗೂ ನೋಡಿದರು, ಮನೆಗೆ ಬಂದು ಬಚ್ಚಲ ಬಾಗಿಲು ಹಾಕಿಕೊಂಡು ಅತ್ತರು. ಹೊರಗೆ ಬಂದಾಗ ಗಂಡ ಏನೂ ಕೇಳಲಿಲ್ಲ. ಅವರು ಗಡಿಯಾರ ರಿಪೇರಿಯವರು. ಕಾಲ ಕೆಟ್ಟರೆ ಏನಾಗುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕೆಲವು ವರ್ಷ ಮೇಡಂ ಮನೆಯಲ್ಲೇ ಕೂತರು. ಒಂದು ದಿನ ಹೈಸ್ಕೂಲಿನ ಹೆಡ್‌ಮಾಸ್ತರು ಬಾಗಿಲಿಗೆ ಬಂದರು. ಒಂದು ಕಾಲದಲ್ಲಿ ಇವರ ಹತ್ತಿರ ರಾಶಿ ರಾಶಿ ಹಾಳೆ ಹರಿಸಿಕೊಂಡ ಮನುಷ್ಯ.

"ಮೇಡಂ, ಶಾಲೆಗೆ ಲ್ಯಾಪ್‌ಟಾಪ್ ಬಂದಿವೆ. ಹೇಳಿಕೊಡೋಕೆ ಒಬ್ಬರೂ ಸಿಗ್ತಿಲ್ಲ. ನೀವು ಬರಬೇಕು."

"ನನಗೆ ಅದೆಲ್ಲ ಎಲ್ಲಿ ಬರುತ್ತೆ? ನಾನು ಟೈಪಿನವಳು."

"ಅಕ್ಷರ ಅಲ್ಲೂ ಅದೇ ಜಾಗದಲ್ಲಿವೆ ಮೇಡಂ. ಅಷ್ಟು ಸಾಕು."

ಅಷ್ಟು ಸಾಕಾಗಿರಲಿಲ್ಲ, ಅದು ಮುಂದೆ ಗೊತ್ತಾಯಿತು. ಆದರೆ ಆವತ್ತು ಮೇಡಂಗೆ ಆದ ಸಂತೋಷ ಹೇಳತೀರದು. ಹೆಡ್‌ಮಾಸ್ತರು ಇನ್ನೊಂದು ಮಾತನ್ನೂ ಹೇಳಿದ್ದರು. ಲ್ಯಾಪ್‌ಟಾಪುಗಳು ಸದ್ಯಕ್ಕೆ ಪರೀಕ್ಷೆಗೆಂದು ಬಂದವು. ವರ್ಷದ ನಡುವೆ ಮೇಲಿನಿಂದ ಅಧಿಕಾರಿ ಬರುತ್ತಾರೆ. ಮಕ್ಕಳು ಕೆಲಸ ಮಾಡಿ ತೋರಿಸಿದರೆ ಉಳಿಯುತ್ತವೆ, ಇಲ್ಲದಿದ್ದರೆ ಬೇರೆ ಶಾಲೆಗೆ ಹೋಗುತ್ತವೆ. ಯಂತ್ರಗಳು ಇನ್ನೊಮ್ಮೆ ಮೆಟ್ಟಿಲಿಳಿದು ಹೋಗುವುದನ್ನು ನೋಡುವ ಶಕ್ತಿ ಮೇಡಂಗೆ ಇರಲಿಲ್ಲ.

ಸರಿ, ಟೊಂಕ ಕಟ್ಟಿ ನಿಂತರು. ಮಕ್ಕಳು ಕೀ ನೋಡಬಾರದಲ್ಲ, ಅದಕ್ಕೆ ಕೈಗಳನ್ನು ಮುಚ್ಚುವಂಥ ಬಟ್ಟೆಯ ಮುಸುಕು ಹೊಲಿದರು. ಗಂಡ ಕನ್ನಡಕ ಮೇಲೇರಿಸಿ ನೋಡಿ, "ಇದೇನೇ, ಲ್ಯಾಪ್‌ಟಾಪಿಗೆ ಲಂಗ ಹೊಲೀತಿದ್ದೀಯಾ?" ಎಂದರು.

"ಸುಮ್ನಿರ್ರೀ. ನೋಡ್ದೆ ಮಾಡೋದೇ ವಿದ್ಯೆ."

"ಹೌದೌದು. ನನ್ನನ್ನೂ ನೀನು ನೋಡ್ದೇನೇ ತಾನೆ ಒಪ್ಪಿದ್ದು."

"ಅದಕ್ಕೇ ಈಗ ಅನುಭವಿಸ್ತಿರೋದು" ಎಂದು ಮೇಡಂ ದಾರ ಕಚ್ಚಿ ತುಂಡು ಮಾಡಿದರು.

ಲ್ಯಾಪ್‌ಟಾಪಿನಲ್ಲಿ ಅಳಿಸುವ ಕೀ ಒಂದಿದೆ ಎಂದು ತಿಳಿದಾಗ ಮಾತ್ರ ಅವರಿಗೆ ಸರಿಬರಲಿಲ್ಲ. ತಪ್ಪು ಮಾಡು, ಅಳಿಸು; ಮತ್ತೆ ಮಾಡು, ಮತ್ತೆ ಅಳಿಸು. ಹೀಗಾದರೆ ಮಕ್ಕಳಿಗೆ ಭಯ ಎಲ್ಲಿಂದ ಬರಬೇಕು? ಔಷಧಿ ಅಂಗಡಿಯಿಂದ ಗಾಯಕ್ಕೆ ಹಚ್ಚುವ ಪಟ್ಟಿ ತಂದು, ಎಲ್ಲ ಲ್ಯಾಪ್‌ಟಾಪಿನ ಆ ಕೀ ಮೇಲೂ ಅಂಟಿಸಿದರು. ಸಾಲು ಮುಗಿದ ತಕ್ಷಣ ಎಂಟರ್ ಕೀ ಹೊಡೆಯಬೇಕೆಂದೂ ಕಲಿಸಿದರು. ಇಲ್ಲಿ ಸಾಲು ತಾನಾಗಿಯೇ ಕೆಳಗಿಳಿಯುತ್ತದೆ, ಆದರೆ ಟೈಪ್ ಯಂತ್ರದಲ್ಲಿ ಹಾಳೆ ಸುತ್ತಿದ ಉರುಳೆಯನ್ನು ನಾವೇ ತಳ್ಳಬೇಕಿತ್ತು. ಹಳೆಯ ಅಭ್ಯಾಸ, ಕೈ ಕೇಳಬೇಕಲ್ಲ.

ಮಕ್ಕಳು ಪಳಗಿದರು. ಮೇಡಂ ಚಪ್ಪಾಳೆ ತಟ್ಟಿದರೆ ಸಾಕು, ಇಡೀ ಕೋಣೆ ಒಂದೇ ತಾಳದಲ್ಲಿ ಟಕಟಕ ಅನ್ನುತ್ತಿತ್ತು. ತಾಳ ತಪ್ಪುತ್ತಿದ್ದವಳು ಒಬ್ಬಳೇ, ಹಿಂದಿನ ಬೆಂಚಿನ ಹುಡುಗಿ. ನಾಲ್ಕು ಅಕ್ಷರ ಹೊಡೆಯುವಳು, ಕತ್ತು ಉದ್ದ ಮಾಡಿ ಲ್ಯಾಪ್‌ಟಾಪಿನ ಪರದೆ ನೋಡುವಳು, ಮತ್ತೆ ನಾಲ್ಕು ಹೊಡೆಯುವಳು. ಮಕ್ಕಳೆಲ್ಲ ಅವಳನ್ನು ಕೊಕ್ಕರೆ ಅಂತಲೇ ಕರೆಯುತ್ತಿದ್ದರು.

"ಕೊಕ್ಕರೆ, ತಲೆ ಕೆಳಗೆ!"

"ಬರ್ತಿದೆಯೋ ಇಲ್ವೋ ಅಂತ ನೋಡಿದೆ ಮೇಡಂ."

"ಬೆರಳು ಸರಿಯಾಗಿದ್ರೆ ಬಂದೇ ಬರುತ್ತೆ. ತಲೆ ಎತ್ತಬೇಡ."

ದಿನಾ ಇದೇ ಹಾಡು. ಅವಳ ಲ್ಯಾಪ್‌ಟಾಪಿನ ಪಟ್ಟಿ ಎರಡು ಸಲ ಕಿತ್ತುಬಂದಿತ್ತು. ತಾನಾಗಿ ಬಂತು ಎಂದು ಅವಳು ಆಣೆ ಇಟ್ಟಳು. ಮೂರನೆಯ ಸಲ ಮೇಡಂ ಬೇಸತ್ತು ಬಿಟ್ಟುಬಿಟ್ಟರು.

ಅಧಿಕಾರಿ ಬರುವ ದಿನ ಹೆಡ್‌ಮಾಸ್ತರಿಗೆ ಕೂತಲ್ಲಿ ಕೂರಲಾಗಲಿಲ್ಲ. ಎಂದಿನ ಪಾಠದಲ್ಲಿ ಮಕ್ಕಳೇ ಪಾಸ್‌ವರ್ಡ್ ಎಂಬ ಗುಟ್ಟಿನ ಪದ ಹೊಡೆದು ಲ್ಯಾಪ್‌ಟಾಪು ತೆರೆಯುತ್ತಿದ್ದರು. ಆವತ್ತು ಹೊತ್ತು ಹಾಳಾಗಬಾರದೆಂದು ಹೆಡ್‌ಮಾಸ್ತರೇ ಬೆಳಿಗ್ಗೆ ಬಂದು ಎಲ್ಲವನ್ನೂ ತೆರೆದಿಟ್ಟರು. ಅಧಿಕಾರಿ ತಡವಾಗಿ ಬಂದರು. ಬಂದವರು ಆಫೀಸಿನಲ್ಲಿ ಚಹಾ ಬಿಸ್ಕತ್ತಿನ ಮುಂದೆ ಬೇರು ಬಿಟ್ಟರು. ಇತ್ತ ಕೋಣೆಯಲ್ಲಿ ಪರದೆಗಳು ಕಪ್ಪಾದವು. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕಪ್ಪಾದದ್ದು ಮುಟ್ಟಿದರೆ ಬೆಳಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ತುಂಬಾ ಹೊತ್ತು ಬಿಟ್ಟರೆ ಬೆಳಗಿದ ಮೇಲೆ ಗುಟ್ಟಿನ ಪದ ಕೇಳುತ್ತದೆ ಎಂಬುದನ್ನು ನೋಡಿದ್ದವರು ಯಾರು?

ಅಧಿಕಾರಿ ಒಳಗೆ ಬಂದರು. ಮಕ್ಕಳು ಎದ್ದರು, ಕೂತರು, ಕಣ್ಣು ಹಾಳೆಗೆ ಇಳಿಸಿದರು. ಪರದೆಗಳ ಬೆನ್ನು ಮಾತ್ರ ಕಾಣುವ ಕಡೆ, ಎದುರಿಗೆ ನಿಂತಿದ್ದ ಮೇಡಂ ಚಪ್ಪಾಳೆ ತಟ್ಟಿದರು.

ಅಬ್ಬಾ, ಆ ಸದ್ದು! ಒಂದು ಬೆರಳು ತಡವರಿಸಲಿಲ್ಲ. ಸಾಲು ಮುಗಿದಾಗಲೆಲ್ಲ ಎಂಟರ್ ಕೀಗಳು ಒಟ್ಟಿಗೆ ಟಪ್ ಎಂದವು. ಅಧಿಕಾರಿ ಕೈ ಹಿಂದೆ ಕಟ್ಟಿಕೊಂಡು, "ಭೇಷ್, ಭೇಷ್" ಎಂದು ತಲೆದೂಗಿದರು. ಹೆಡ್‌ಮಾಸ್ತರ ಮುಖ ಮೊರದಗಲ ಆಯಿತು. ಮೇಡಂಗೆ ಎದೆ ತುಂಬಿ ಬಂತು. ಸ್ಟೇಷನ್ ರಸ್ತೆಯ ಮಹಡಿ ಮತ್ತೆ ಸಿಕ್ಕಿತು ಅನ್ನಿಸಿತು.

ಅಧಿಕಾರಿ ಮೆಲ್ಲಗೆ ಬೆಂಚುಗಳ ಹಿಂದಕ್ಕೆ ಹೋದರು. ಮೊದಲ ಪರದೆಯ ಮೇಲೆ ಬಗ್ಗಿದರು. ಎರಡನೆಯದಕ್ಕೆ ಬಗ್ಗಿದರು. ಆಮೇಲೆ ಬೇಗ ಬೇಗ ಸಾಲಿಡೀ ನಡೆದರು.

"ಏನ್ರೀ ಇದು?"

ಮೇಡಂ ಓಡಿದರು. ಪರದೆಯಲ್ಲಿ ಪಾಠ ಇರಲಿಲ್ಲ. ಗುಟ್ಟಿನ ಪದ ಕೇಳುವ ಸಣ್ಣ ಚೌಕದೊಳಗೆ ಬರೀ ಚುಕ್ಕಿಗಳು. ಮಕ್ಕಳು ಒಂದೊಂದು ಸಾಲು ಹೊಡೆದು ಎಂಟರ್ ಒತ್ತಿದ ಹಾಗೆಲ್ಲ ಯಂತ್ರ "ತಪ್ಪು" ಎಂದು ಹೇಳಿತ್ತು. ಅಷ್ಟು ಸಲ ಹೇಳಿ ಸಾಕಾಗಿ, ಕೆಲವು ಬಾಗಿಲನ್ನೇ ಹಾಕಿಕೊಂಡಿದ್ದವು. ಮಕ್ಕಳು ಆಗಲೂ ಹೊಡೆಯುತ್ತಲೇ ಇದ್ದರು. ನಿಲ್ಲಿಸಿ ಎಂದು ಮೇಡಂ ಹೇಳಿರಲಿಲ್ಲವಲ್ಲ.

"ಸಾಕು" ಎಂದರು ಮೇಡಂ. ದನಿ ಅವರದೇ ಅನ್ನಿಸಲಿಲ್ಲ.

ಅಧಿಕಾರಿ ಒಂದು ಲ್ಯಾಪ್‌ಟಾಪಿನ ಲಂಗ ಎತ್ತಿ ನೋಡಿ, "ಈ ಕೀಗೆ ಏನು, ಗಾಯ ಆಗಿದೆಯಾ?" ಎಂದರು.

ಕೊನೆಯ ಬೆಂಚಿನಲ್ಲಿ ಒಂದು ಪರದೆ ಮಾತ್ರ ಬೆಳ್ಳಗಿತ್ತು. ಅದರಲ್ಲಿ ಅರ್ಧ ಪುಟವೂ ಆಗದ ಪಾಠವಿತ್ತು. ಆದರೆ ಇತ್ತು.

"ನಿನ್ನದರಲ್ಲಿ ಹೇಗಮ್ಮ ಬಂತು?"

ಕೊಕ್ಕರೆ ಎದ್ದು ನಿಂತಳು. "ಗುಟ್ಟಿನ ಪದ ಕೇಳ್ತು ಸಾರ್. ಹೊಡೆದೆ."

"ಮತ್ತೆ ಇವರೆಲ್ಲ ಯಾಕೆ ಹೊಡೀಲಿಲ್ಲ?"

"ಅವರು ನೋಡಿಲ್ಲ ಸಾರ್. ತಲೆ ಎತ್ತಬಾರದು." ಅವಳು ಮೇಡಂ ಕಡೆಗೆ ಒಮ್ಮೆ ನೋಡಿದಳು. "ನಾನು ಎತ್ತಿದೆ."

ಹೆಡ್‌ಮಾಸ್ತರು ಬೆವರು ಒರೆಸಿಕೊಳ್ಳುತ್ತ ನಡುವೆ ಬಾಯಿ ಹಾಕಿದರು. "ಲ್ಯಾಪ್‌ಟಾಪಿನದೇ ತೊಂದರೆ ಸಾರ್. ಬಂದಾಗಿನಿಂದ ಹೀಗೇ. ಕೆಟ್ಟ ಮಾಲು ಕಳಿಸಿದ್ದಾರೆ. ಅಲ್ವಾ ಮೇಡಂ?"

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಮೇಡಂ ಮಾನ ಉಳಿಯುತ್ತಿತ್ತು. ಕೆಟ್ಟವೆಂದು ಲ್ಯಾಪ್‌ಟಾಪುಗಳನ್ನು ಕಟ್ಟಿ ಕೆಳಗಿಳಿಸುತ್ತಿದ್ದರು, ಅಷ್ಟೇ.

"ಇಲ್ಲ ಸಾರ್" ಎಂದರು ಮೇಡಂ. "ಮಷೀನುಗಳು ಸರಿಯಾಗಿವೆ. ಮಕ್ಕಳೂ ಸರಿಯಾಗಿದ್ದಾರೆ, ಹೇಳಿದ್ದನ್ನೇ ಮಾಡಿದ್ದಾರೆ. ಹೇಳಿದವಳು ನಾನು."

ಅಧಿಕಾರಿ ಕೆಟ್ಟ ಮನುಷ್ಯನೇನಲ್ಲ. "ಮಷೀನುಗಳು ಇಲ್ಲೇ ಇರಲಿ" ಎಂದರು. "ಆದರೆ ಮೇಡಂ, ಮುಂದಿನ ವರ್ಷಕ್ಕೆ ತರಬೇತಿ ಆದವರನ್ನ ಕಳಿಸ್ತೀವಿ. ಅಲ್ಲೀತನಕ ನೀವು ನೋಡ್ಕೊಳ್ಳಿ."

ಸಂಜೆ ಗಂಡ ಕೇಳಿದರು, "ಏನಾಯ್ತೇ?"

"ಮಷೀನು ಉಳೀತು. ನಾನು ಉಳೀಲಿಲ್ಲ."

ಗಂಡ ಕೈಯಲ್ಲಿದ್ದ ಗಡಿಯಾರ ಕೆಳಗಿಟ್ಟರು. ಆವತ್ತು ಅವರು ತಮಾಷೆ ಮಾಡಲಿಲ್ಲ.

ಮರುದಿನ ಮೇಡಂ ಎಂದಿನ ಹೊತ್ತಿಗೇ ಶಾಲೆಗೆ ಹೋದರು. ಲಂಗಗಳನ್ನೆಲ್ಲ ಬಿಚ್ಚಿ ಚೀಲಕ್ಕೆ ತುಂಬಿದರು. "ಇವತ್ತಿಂದ ಎಲ್ಲರೂ ಪರದೆ ನೋಡಿ" ಎಂದರು. ಮಕ್ಕಳು ನೋಡಲು ಹೋಗಿ ತಾಳ ತಪ್ಪಿ, ಹಳೆಯ ಅಭ್ಯಾಸಕ್ಕೆ ಮತ್ತೆ ಹಾಳೆಗೆ ಕಣ್ಣಿಳಿಸಿದರು. ಚೆನ್ನಾಗಿಯೇ ಪಳಗಿಸಿದ್ದರಲ್ಲ, ಅನುಭವಿಸಬೇಕು.

ಮೇಡಂ ಕೊನೆಯ ಬೆಂಚಿಗೆ ಹೋದರು. "ಜರುಗು" ಎಂದು ಕೊಕ್ಕರೆಯ ಪಕ್ಕ, ಖಾಲಿ ಲ್ಯಾಪ್‌ಟಾಪಿನ ಮುಂದೆ ಕೂತರು. ಹಾಳೆ ನೋಡಿಕೊಂಡು ಹೊಡೆಯತೊಡಗಿದರು. ಬೆರಳು ಹಾರಿದವು. ಸುತ್ತಲಿನ ಮಕ್ಕಳು ತಮ್ಮ ಕೆಲಸ ಬಿಟ್ಟು ಬಾಯಿ ಬಿಟ್ಟುಕೊಂಡು ನೋಡಿದರು.

"ಮೇಡಂ" ಎಂದಳು ಕೊಕ್ಕರೆ ಮೆಲ್ಲಗೆ, "ತಲೆ ಎತ್ತಿ."

ಮೇಡಂ ಎತ್ತಿದರು. ಒಂದು ಬೆರಳು ಇಟ್ಟರೆ ಒಂದು ಅಕ್ಷರ, ಇನ್ನೊಂದು ಇಟ್ಟರೆ ಇನ್ನೊಂದು, ಕಣ್ಣೆದುರೇ ಬಂದು ಕೂರುತ್ತಿದ್ದವು. ಇಷ್ಟು ವರ್ಷ ಲೆಕ್ಕವಿಲ್ಲದಷ್ಟು ಪುಟ ಹೊಡೆದಿದ್ದರು. ಒಂದು ಅಕ್ಷರ ಬರುವುದನ್ನೂ ನೋಡಿರಲಿಲ್ಲ.

"ಎರಡನೇ ಸಾಲಲ್ಲಿ ಒಂದು ತಪ್ಪಾಗಿದೆ ಮೇಡಂ."

ಆಗಿತ್ತು. ಮೇಡಂ ಕೈ ತಾನಾಗಿ ಮೇಲೆದ್ದಿತು, ಹಾಳೆ ಎಳೆದು ಹರಿಯಲು. ಎಳೆಯಲು ಅಲ್ಲಿ ಏನೂ ಇರಲಿಲ್ಲ. ಕೈ ಹಾಗೇ ನಿಂತಿತು.

"ಹರಿಯೋದೇನೂ ಬೇಡ ಮೇಡಂ, ಸರಿ ಮಾಡ್ಬಹುದು" ಎಂದು ಕೊಕ್ಕರೆ ಅಂಟಿಸಿದ ಪಟ್ಟಿಯ ಕಡೆಗೆ ಬೆರಳು ತೋರಿಸಿದಳು.

ಬುಟ್ಟಿಗೆ ಹಾಕಿದ ಹಾಳೆಗಳೆಲ್ಲ ಮೇಡಂಗೆ ಒಮ್ಮೆಲೇ ನೆನಪಾದವು. ಅವರು ಉಗುರಿನಿಂದ ಪಟ್ಟಿಯ ಅಂಚು ಕೆದಕಿ, ನಿಧಾನವಾಗಿ ಕಿತ್ತರು.