ಬುರೈಮಿಗೆ ಹೋಗದ ಗುರ್ಬಾನ್

ಗುರ್ಬಾನ್, ಬುರೈಮಿಯ ಆ ಮುದುಕರು ನಿಮ್ಮನ್ನು ಬೇಡವೆನ್ನಲಿಲ್ಲ. ಕರೆದಿದ್ದರು. ಬೇಡವೆಂದದ್ದು ನಾನು — ನಿಮ್ಮ ಪರವಾಗಿ, ನಿಮಗೇ ತಿಳಿಯದಂತೆ.

ಎಣ್ಣೆಯ ಬೆಲೆ ಕುಸಿದ ಆ ವರ್ಷ ನಮ್ಮ ಅರಬ್ ಧಣಿಯ ಸಹಮ್‌ನ ತೋಟ, ಲಾಯ ಎಲ್ಲವೂ ಮಾರಾಟಕ್ಕೆ ಬಂತು. ನಾನು ಅಲ್ಲಿ ಮ್ಯಾನೇಜರ್. ನೀವು ತುರ್ಕಮೆನಿಸ್ತಾನದಿಂದ ಆ ಅಖಲ್-ತೆಕೆ ತಳಿಯ ಹೆಣ್ಣುಕುದುರೆಯ ಜೊತೆಗೇ ಬಂದವರು. ಹುಟ್ಟಿದಾಗ ಅದರ ಮೈ ಒರೆಸಿದ ಕೈ ನಿಮ್ಮದು. ಉಡುಪಿಯವನಾದ ನಾನು ಕುದುರೆ ಕಂಡದ್ದೇ ಕಡಿಮೆ. ಮೊದಲ ಬೆಳಿಗ್ಗೆ ನೀವು ಅದನ್ನು ಕಡಲದಂಡೆಯಲ್ಲಿ ಬಿಟ್ಟಾಗ — ಬಿಸಿಲು ಅದರ ಮೈಗೆ ಬಿದ್ದದ್ದೋ, ಮೈಯಿಂದಲೇ ಹೊರಟದ್ದೋ... ತೆಳು ಚರ್ಮದಡಿ ನರಗಳು ಮಿಡಿಯುವುದು ಕಾಣುತ್ತಿತ್ತು. ಅಷ್ಟು ವೇಗ, ಮರಳಲ್ಲಿ ಗೊರಸಿನ ಸದ್ದೇ ಇಲ್ಲ. ನನ್ನ ಕೈ ತಾನಾಗಿ ಮುಗಿಯಿತು. ನೀವು ನಕ್ಕು, ಮುರುಕು ಹಿಂದಿಯಲ್ಲಿ, "ನಮ್ಮಲ್ಲಿ ಇದನ್ನು ಡೇರೆಯ ಪಕ್ಕ ಕಟ್ಟಿ ಮನೆಯವರ ಹಾಗೆ ಸಾಕುತ್ತಾರೆ" ಎಂದಿರಿ.

ಕುದುರೆ ಕೊಳ್ಳಲು ಬುರೈಮಿಯಿಂದ ಬಂದ ಮುದುಕರು ಅರಬ್ಬಿಯಲ್ಲಿ ಕೇಳಿದರು: "ಇವನೂ ಬರುತ್ತಾನಾ? ವೀಸಾ ನಾನು ಮಾಡಿಸುತ್ತೇನೆ."

ನಿಮಗೆ ಅರಬ್ಬಿ ಬಾರದು. ನನ್ನ ಹೆಂಡತಿಯ ತಮ್ಮ ಕೆಲಸ ಹೋಗಿ ನಮ್ಮ ಮನೆಯಲ್ಲೇ ಇದ್ದ — ಇರಲಿ, ಅದು ನೆಪ. "ಇವನಿಗೆ ಊರಿಗೆ ಹೋಗಬೇಕಂತೆ. ನನ್ನ ಭಾವಮೈದುನ ಬರುತ್ತಾನೆ" ಎಂದೆ.

"ಏನಂದರು?" ಎಂದಿರಿ ನೀವು.

"ಅವರಿಗೆ ಬೇರೆ ಜನ ಸಿಕ್ಕಿದ್ದಾರಂತೆ."

ನೀವು ಕುದುರೆಯ ಹಣೆಗೆ ಹಣೆ ಹಚ್ಚಿ ನಿಂತಿರಿ. ಆಮೇಲೆ — ಇದನ್ನು ಹೇಗೆ ಬರೆಯಲಿ — ನನ್ನ ಕೈ ಹಿಡಿದು, "ನನಗೋಸ್ಕರ ಕೇಳಿದಿರಲ್ಲ ಭಾಯಿ, ಸಾಕು" ಎಂದಿರಿ.

ವೀಸಾ ಇಲ್ಲದೆ ನೀವು ಊರಿಗೆ ಮರಳಿದಿರಿ, ಆಮೇಲೆ ನಿಮ್ಮ ಸುದ್ದಿಯೇ ಇಲ್ಲ. ಬುರೈಮಿಯಲ್ಲಿ ಕುದುರೆ ಭಾವಮೈದುನನನ್ನು ಹತ್ತಿರ ಸೇರಿಸಲಿಲ್ಲ. ಸ್ವಲ್ಪ ದಿನಕ್ಕೇ ಅವನು ಕೆಲಸ ಬಿಟ್ಟು ಬಂದ. ಆಮೇಲೂ ಅದು ಯಾರನ್ನೂ ಬೆನ್ನ ಮೇಲೆ ಹತ್ತಗೊಡಲಿಲ್ಲವಂತೆ.

ಕಳೆದ ವಾರ ಬುರೈಮಿಗೆ ಹೋಗಿ ಮುದುಕರಿಗೆ ಎಲ್ಲ ಹೇಳಿದೆ. "ಇಂಥದ್ದನ್ನು ಬಿಟ್ಟುಹೋದವನು ಮನುಷ್ಯನೇ ಅಂತ ಇಷ್ಟು ವರ್ಷ ಅವನನ್ನು ಬೈದೆನಲ್ಲ" ಎಂದರು. ಆಮೇಲೆ ಲಾಯದ ಬಾಗಿಲು ತೆಗೆಸಿದರು.

ಕುದುರೆಯ ಬೆನ್ನು ಬಾಗಿದೆ, ಕಣ್ಣ ಮೇಲೆ ಗುಳಿ ಬಿದ್ದಿದೆ. ಆದರೂ ಆ ಕತ್ತಲಲ್ಲಿ ಅದರ ಮೈ ಹೊನ್ನಿನ ಹಾಗೆ ಹೊಳೆಯುತ್ತಿತ್ತು, ಗುರ್ಬಾನ್. ನಾನು ಚಪ್ಪಲಿ ಬಿಟ್ಟು ನಿಂತೆ. ಅದು ನನ್ನ ಕಡೆ ನೋಡಲೂ ಇಲ್ಲ.

"ಯಲ್ಲಾ, ಹೊರಡು, ಅವನನ್ನು ಹುಡುಕು" ಎಂದರು ಮುದುಕರು. "ಇದು ಇರುವಾಗಲೇ."

ಹುಡುಕುತ್ತಿದ್ದೇನೆ. ಸಿಕ್ಕಿದ ಮೇಲೆ ನನ್ನ ಮುಖ ನೋಡಬೇಡಿ, ಬೇಕಿಲ್ಲ. ಆದರೆ ಬೇಗ ಸಿಕ್ಕಿ.