ಫ್ಯಾನಿಗೆ ಬಿದ್ದ ವಿಭೂತಿ

ಪಾಸು! ನಮ್ಮ ಶಿಲ್ಪಾ ಪಾಸು ಕಣ್ರೀ!

ಮೊನ್ನೆ ಶುಕ್ರವಾರ ಮಧ್ಯಾಹ್ನ ಮೊಮ್ಮಗಳು ಕಾಲೇಜಿನಿಂದ ಫೋನ್ ಮಾಡಿ, “ತಾತ, ಪ್ರಾಜೆಕ್ಟ್ ಒಪ್ಕೊಂಡ್ರು. ಲ್ಯಾಪ್‌ಟಾಪ್ ಎಲ್ಲೂ ನಿಲ್ಲಲಿಲ್ಲ” ಅಂದಳು. ನಾನು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಹೂಟಗಳ್ಳಿಯ ನಮ್ಮ ಬೀದಿಯ ಕೊನೆಯವರೆಗೂ ಹೋಗಿ ಹೇಳಿಬಂದೆ. ಹಾಲಿನವರಿಗೆ, ಇಸ್ತ್ರಿಯವರಿಗೆ, ಗುರುತೇ ಇಲ್ಲದ ಒಬ್ಬ ಸ್ಕೂಟರಿನವರಿಗೆ. (ಪಾಪ, ಅವರು ಹೆಲ್ಮೆಟ್ ತೆಗೆದು ಕೇಳಿಸಿಕೊಂಡರು.)

ಇಲ್ಲಿಗೇ ಮುಗಿಸಿಬಿಡಬಹುದಿತ್ತು. ಆದರೆ ಮೂರು ವಾರದ ಹಿಂದೆ ಇದೇ ಅಂಕಣದಲ್ಲಿ ನಾನು ಬರೆದದ್ದು ನಿಮಗೆ ನೆನಪಿರಬಹುದು. ಇಲ್ಲದಿದ್ದರೆ ನನ್ನ ಪುಣ್ಯ. ಆದರೂ ಹೇಳಬೇಕು. ತಪ್ಪು ಮಾಡಿದ್ದು ಅಚ್ಚಿನಲ್ಲಿ, ಒಪ್ಪಿಕೊಳ್ಳುವುದು ಅಡುಗೆಮನೆಯಲ್ಲಿ ಅಂದರೆ ಹೇಗೆ?

ಶಿಲ್ಪಾ ಇಂಜಿನಿಯರಿಂಗ್ ಕೊನೇ ವರ್ಷ. ಅವಳ ಲ್ಯಾಪ್‌ಟಾಪ್ ನನ್ನ ಮಗನ ಆಫೀಸಿನಲ್ಲಿ ಯಾರೋ ಉಪಯೋಗಿಸಿ ಬಿಟ್ಟದ್ದು. ಇಟ್ಟಿಗೆಯಷ್ಟು ಭಾರ. ಆದರೂ ನಮ್ಮ ಮನೆಗೆ ಬಂದ ಮೊದಲನೇ ಲ್ಯಾಪ್‌ಟಾಪ್. ಆಯುಧಪೂಜೆಯ ದಿನ ಬಿಡೋಕಾಗುತ್ತಾ? ಹೊಲಿಗೆ ಮಿಷನ್ನು, ಸೈಕಲ್ಲು, ಈಳಿಗೆಮಣೆ, ಮಿಕ್ಸಿ, ಸಾಲಿನ ಕೊನೆಯಲ್ಲಿ ಅದು. ನಾನೇ ಮೂರು ಬೆರಳಲ್ಲಿ ಧಾರಾಳವಾಗಿ ವಿಭೂತಿ ಬಳಿದೆ. ಪಕ್ಕದಲ್ಲಿ ಜಾಲರಿಯಂಥ ಕಿಂಡಿಯೊಂದಿತ್ತು. ಸೇವಂತಿಗೆ ಸಿಕ್ಕಿಸಿದೆ. ಹೂವು ಸಿಕ್ಕಿಸಲಿಕ್ಕೇ ಮಾಡಿದ್ದಾರೇನೋ ಅನ್ನುವ ಹಾಗೆ ನಿಂತಿತು!

ವಾರ ಕಳೆಯುವಷ್ಟರಲ್ಲಿ ಲ್ಯಾಪ್‌ಟಾಪ್ ತೆವಳತೊಡಗಿತು. ಒಂದು ಫೈಲ್ ತೆರೆಯುವಷ್ಟರಲ್ಲಿ ನನ್ನ ಕಾಫಿ ಮುಗಿಯುತ್ತಿತ್ತು. ಶಿಲ್ಪಾ ಎಲ್ಲಿಂದಲೋ ಒಂದು ಸಣ್ಣ ಪ್ರೋಗ್ರಾಂ ತಂದು ಹಾಕಿದಳು. ಪರದೆಯ ಮೂಲೆಯಲ್ಲಿ ಪುಟ್ಟ ಅಂಕಿ. ಪ್ರೊಸೆಸರ್ ಎಷ್ಟು ಬಿಸಿಯಾಗಿದೆ, ಎಷ್ಟು ಸ್ಪೀಡಿನಲ್ಲಿ ಓಡುತ್ತಿದೆ ಅಂತ ತೋರಿಸುತ್ತದಂತೆ. ಬೇಕೆಂದರೆ ಅದಕ್ಕೆ ಹೋಗುವ ವೋಲ್ಟೇಜನ್ನೂ ಇಳಿಸಬಹುದಂತೆ.

“ಬಿಸಿ ಜಾಸ್ತಿ ಆದ್ರೆ, ಸುಟ್ಟೋಗಬಾರದು ಅಂತ ಅದು ತಾನೇ ನಿಧಾನ ಮಾಡ್ಕೊಳ್ಳುತ್ತೆ ತಾತ. ವೋಲ್ಟೇಜ್ ಸ್ವಲ್ಪ ಇಳಿಸಿದ್ರೆ ಬಿಸಿ ತಗ್ಗುತ್ತೆ, ಮತ್ತೆ ಜೋರಾಗಿ ಓಡುತ್ತೆ.”

“ಮೇವು ಕಮ್ಮಿ ಹಾಕಿದ್ರೆ ಎತ್ತು ಜೋರಾಗಿ ಉಳುತ್ತಾ? ಯಾರಿಗ್ ಹೇಳ್ತೀಯಮ್ಮ ಈ ಕತೆ?” ಅಂದೆ.

“ಊಟ ಕಮ್ಮಿ ಆದ ದಿನ ನೀವೂ ಚುರುಕಾಗೇ ಇರ್ತೀರಿ ಬುಡಿ,” ಅಂದಳು ನಮ್ಮನೆಯವಳು, ಒಗ್ಗರಣೆ ಸೌಟು ಹಿಡಿದುಕೊಂಡೇ.

ಅಂಕಿ ಕೆಂಪಗಿತ್ತು. ತೊಂಬತ್ತಮೂರು. ಈ ಪ್ರೋಗ್ರಾಂ ಬರುವ ಮುಂಚೆ ಬಿಸಿ ಅನ್ನೋ ಮಾತೇ ಇರಲಿಲ್ಲ, ಬಂದಮೇಲೆ ತೊಂಬತ್ತಮೂರು. ಹಾಗಾದರೆ ಇದರದ್ದೇ ಕಿತಾಪತಿ! ಥರ್ಮಾಮೀಟರ್ ಇಟ್ಟಿದ್ದಕ್ಕೇ ಜ್ವರ ಬಂತು ಅನ್ನೋ ಬುದ್ಧಿವಂತಿಕೆ ನನ್ನದು. “ತೆಗೆದಾಕು ಅದನ್ನ” ಎಂದು ಗದರಿದೆ. ತೆಗೆದಳು.

ಅಷ್ಟಕ್ಕೇ ಸುಮ್ಮನಿದ್ದೆನೇ? ಆ ವಾರ ಅಂಕಣಕ್ಕೆ ಬೇರೆ ವಿಷಯ ಸಿಕ್ಕಿರಲಿಲ್ಲ. ಇಂದಿನ ಮಕ್ಕಳಿಗೆ ಇರುವ ವಸ್ತುವನ್ನು ಇದ್ದ ಹಾಗೆ ಬಿಡುವುದು ಗೊತ್ತಿಲ್ಲ ಎಂದೆಲ್ಲ ಬರೆದು, ಮೊಮ್ಮಗಳಿಗೆ ‘ವೋಲ್ಟೇಜ್ ರಾಣಿ’ ಎಂದು ಹೆಸರಿಟ್ಟೆ. (ಕೊನೆಯ ಸಲ ಬರೆಯುತ್ತಿದ್ದೇನೆ.) ನೀವು ನಕ್ಕಿರಿ. ಕೆಲವರು ಕಾರ್ಡು ಬರೆದಿರಿ. ನಾನು ಉಬ್ಬಿದೆ. ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಟ್ಟವನಿಗೆ ಇದಕ್ಕಿಂತ ಇನ್ನೇನು ಬೇಕು?

ಅವಳ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಯಾರೋ ಆ ಅಂಕಣ ಕತ್ತರಿಸಿ ಅಂಟಿಸಿದ್ದರಂತೆ. ಅದನ್ನು ಅವಳು ನನಗೆ ಹೇಳಲಿಲ್ಲ. ಸೊಸೆ ಹೇಳಿದಳು.

ಆಮೇಲಿನ ಶುಕ್ರವಾರ ಪ್ರಾಜೆಕ್ಟ್ ತೋರಿಸುವಾಗ ಲ್ಯಾಪ್‌ಟಾಪ್ ಅರ್ಧಕ್ಕೇ ನಿಂತಿತು. ಇನ್ನೊಂದೇ ವಾರ, ಓಡಿಸಿ ತೋರಿಸದಿದ್ದರೆ ಮಾರ್ಕ್ಸ್ ಇಲ್ಲ ಅಂದರಂತೆ ಅವಳ ಮೇಷ್ಟ್ರು. ಮನೆಗೆ ಬಂದವಳು ಜಗಲಿಯ ಮೇಲೆ ಕೂತು ನನ್ನ ಮುಖ ನೋಡಿದಳು.

“ಈಗ ಆ ಪ್ರೋಗ್ರಾಂ ಇಲ್ವಲ್ಲ ತಾತ. ಈಗ ಯಾರನ್ನ ಬಯ್ತೀರಿ?”

ಸುಮ್ಮನೆ ಅವಳ ತೊಡೆಯ ಮೇಲಿದ್ದ ಲ್ಯಾಪ್‌ಟಾಪಿಗೆ ಕೈ ತಾಕಿಸಿದೆ. ಕೈಯ ಹಿಂಬದಿ. ಚುರುಕ್ ಅಂತು!

ಮೇಟಗಳ್ಳಿಯ ಫ್ಯಾಕ್ಟರಿಯಲ್ಲಿ ನಾನು ಮೂವತ್ತು ವರ್ಷ ಮಿಷನ್ ನಡೆಸಿದವನು. ಹೊಸದಾಗಿ ಸೇರಿದವರಿಗೆ ನಾನು ಹೇಳಿಕೊಡುತ್ತಿದ್ದ ಮೊದಲ ಪಾಠ ಇದು: ಮಿಷನ್ನು ನಿಧಾನವಾದರೆ ಮೊದಲು ಕೈಯ ಹಿಂಬದಿ ಇಟ್ಟು ಮುಟ್ಟಿ ನೋಡು, ಬಯ್ಯುವುದು ಆಮೇಲೆ. ಆಯುಧಪೂಜೆಗೆ ಮುಂಚೆ ಮೋಟರಿನ ಗಾಳಿಕಿಂಡಿಗೆ ಪೇಪರ್ ಅಂಟಿಸಿ, ಪೂಜೆ ಮುಗಿದ ಮೇಲೆ ಕೀಳುತ್ತಿದ್ದವನೂ ನಾನೇ. ಮನೆಯಲ್ಲಿ ಆ ಬುದ್ಧಿ ಎಲ್ಲಿ ಹೋಗಿತ್ತು?

ಸ್ಕ್ರೂಡ್ರೈವರ್ ತಂದೆ. ಇಬ್ಬರೂ ಸೇರಿ ಬಿಚ್ಚಿದೆವು. ಒಳಗಿನ ಪುಟ್ಟ ಫ್ಯಾನು ಮೈತುಂಬ ವಿಭೂತಿ ಬಳಿದುಕೊಂಡು ಜಪಕ್ಕೆ ಕೂತ ಹಾಗಿತ್ತು. ರೆಕ್ಕೆಗಳ ಸಂದಿಯಲ್ಲಿ ಒಣಗಿದ ಸೇವಂತಿಗೆ ಎಸಳು. ಶಿಲ್ಪಾ ಒಂದು ಎಸಳನ್ನು ಚಿಮುಟದಲ್ಲಿ ಎತ್ತಿ ನನ್ನ ಅಂಗೈ ಮೇಲೆ ಇಟ್ಟಳು. ಬಯ್ದಿದ್ದರೆ ಚೆನ್ನಾಗಿತ್ತು.

ಬ್ರಶ್ಶಿನಲ್ಲಿ ಒರೆಸಿ ಜೋಡಿಸಿದ ಮೇಲೆ ನಾನೇ ಕೇಳಿಕೊಂಡೆ, “ಆ ಪ್ರೋಗ್ರಾಮನ್ನೂ ಹಾಕ್ಬುಡಮ್ಮ.” ಹಾಕಿದಳು. ವೋಲ್ಟೇಜನ್ನು ಒಂದೊಂದೇ ಹಂತ ಇಳಿಸುವುದು, ಓಡಿಸಿ ನೋಡುವುದು, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. ಒಮ್ಮೆ ಜಾಸ್ತಿ ಇಳಿದು ಪರದೆ ನೀಲಿಯಾಗಿ ಎಲ್ಲ ನಿಂತುಹೋಯಿತು. ಒಂದು ಹಂತ ಹಿಂದಕ್ಕೆ ಬಂದಳು. ಎಷ್ಟು ತಾಳ್ಮೆ ಅಂತೀರಿ! ಇದನ್ನೇ ನಾನು ಕಿತಾಪತಿ ಅಂದದ್ದು. ಅಂಕಿ ಎಂಬತ್ತಕ್ಕೆ ಇಳಿಯಿತು, ಎಪ್ಪತ್ತಕ್ಕೆ ಇಳಿಯಿತು, ಅರವತ್ತೆಂಟಕ್ಕೆ ನಿಂತಿತು. ಮುದುಕ ಲ್ಯಾಪ್‌ಟಾಪ್ ಎದ್ದು ಓಡಿತು.

ಶುಕ್ರವಾರ ಸಂಜೆ ಮನೆಯಲ್ಲಿ ಒಬ್ಬಟ್ಟು. ಐದೂ ಜನ ಒಟ್ಟಿಗೇ ನೆಲದ ಮೇಲೆ ಎಲೆ ಹಾಕಿಕೊಂಡು ಕೂತೆವು. ನಾನು ಎಲ್ಲರ ಮುಂದೆ, “ತಪ್ಪು ನಂದೇ ಕಣಮ್ಮ” ಅಂದೆ. “ಇರ್ಲಿ ಬುಡಿ ತಾತ” ಅಂದು ನನ್ನ ಎಲೆಗೆ ತಾನೇ ತುಪ್ಪ ಹಾಕಿದಳು. ನನ್ನ ಹೊಟ್ಟೆ ತಣ್ಣಗಾಯಿತು.

ಅಷ್ಟರಲ್ಲಿ ನನ್ನ ಮಗ, ಅವಳ ಅಪ್ಪನೇ, ಆ ಹೆಸರು ಹಿಡಿದು ಕೂಗಿ “ರಾಣಿಯವರಿಗೆ ಇನ್ನೊಂದು ಒಬ್ಬಟ್ಟು!” ಅಂದ. ಎಲ್ಲರೂ ನಕ್ಕೆವು. ನಾನೂ ನಕ್ಕುಬಿಟ್ಟೆ. ಶಿಲ್ಪಾ ಮಾತ್ರ ಎಲೆಯಿಂದ ತಲೆ ಎತ್ತಲಿಲ್ಲ.

ಪ್ರೋಗ್ರಾಮನ್ನಾದರೆ ಒಂದು ಬಟನ್ ಒತ್ತಿ ತೆಗೆಯಬಹುದು. ಅಚ್ಚಾಗಿ ಹೋದ ಹೆಸರನ್ನು ತೆಗೆಯುವ ಬಟನ್ ಎಲ್ಲಿದೆ, ನಿಮಗೇನಾದರೂ ಗೊತ್ತೇ?